ಒಂಬತ್ತು ವರ್ಷದ ಗಂಡು ನಾಯಿಗೆ ಈಗ ಬೀಜ ತೆಗೆಸಬಹುದೇ?

ಮಂಡ್ಯದ ನಿಮ್ಮ ನಾಯಿ ಮಲ ಹಾಕಲು ತಿಣುಕುತ್ತದೆ, ಮೂತ್ರದ್ವಾರದಲ್ಲಿ ರಕ್ತದ ಹನಿ ಕಾಣುತ್ತದೆ ಎಂದಿದ್ದೀರಿ. ಸ್ಕ್ಯಾನಿಂಗ್‌ನಲ್ಲಿ ಪ್ರಾಸ್ಟೇಟ್ ಗ್ರಂಥಿಯ (ಗಂಡಿನಲ್ಲಿ ಮೂತ್ರಕೋಶದ ಬುಡದಲ್ಲಿರುವ ಗ್ರಂಥಿ) ಸಾಮಾನ್ಯ ಊತ ಕಂಡರೆ ಬೀಜ ತೆಗೆಸಿ, ವಯಸ್ಸೊಂದೇ ಅಡ್ಡಿಯಲ್ಲ. ಆ ಗ್ರಂಥಿಯನ್ನು ಬೆಳೆಸುವುದು ಬೀಜದಲ್ಲಿ ಹುಟ್ಟುವ ಟೆಸ್ಟೋಸ್ಟೆರಾನ್ ಹಾರ್ಮೋನು. ಅದು ನಿಂತರೆ ಕೆಲವೇ ವಾರಗಳಲ್ಲಿ ಗ್ರಂಥಿ ಕುಗ್ಗುತ್ತದೆ, ಅದರ ಮೇಲೆಯೇ ಹಾಯುವ ಗುದನಾಳಕ್ಕೆ ಬೀಳುವ ಒತ್ತಡ ಇಳಿಯುತ್ತದೆ. ಗ್ರಂಥಿಯ ಕ್ಯಾನ್ಸರ್ ಮಾತ್ರ ಇದಕ್ಕೆ ಬಗ್ಗುವುದಿಲ್ಲ, ಹಾಗಾಗಿ ಸ್ಕ್ಯಾನಿಂಗ್ ಬಿಡಲೇಬೇಡಿ.

ಯಾವ ತೊಂದರೆಯೂ ಇಲ್ಲದ ಮುದಿ ನಾಯಿಗಾದರೆ ನಾನು ಬೇಡವೆನ್ನುತ್ತೇನೆ. ಅಪಾಯ ಹೆಚ್ಚಿರುವುದು ಅರಿವಳಿಕೆಯಲ್ಲಿ: ಮೊದಲು ಮೂತ್ರಪಿಂಡ, ಯಕೃತ್ತಿನ ರಕ್ತಪರೀಕ್ಷೆ ಮತ್ತು ಹೃದಯದ ತಪಾಸಣೆ ಆಗಲಿ. ಶಸ್ತ್ರಚಿಕಿತ್ಸೆಯ ಬಳಿಕ 10–14 ದಿನ ಕುತ್ತಿಗೆಗೆ ಕೋನ್ ಹಾಕಿ. ನೆಕ್ಕಿದರೆ ಹೊಲಿಗೆ ಬಿಚ್ಚುತ್ತದೆ. ಗಾಯ ಮಾಯುವವರೆಗೆ ಕಬ್ಬಿನ ಗದ್ದೆಯ ಕೆಸರಿಗೆ ಬಿಡಬೇಡಿ.