ಪ್ರತಿ: ಸಮುದ್ರ ಮೀನಿನ ಸ್ನಾಯುವಿನಲ್ಲಿ ಬಿಳಿ ಗಂಟು, ಆರು ಕ್ಯಾಪ್ಸೂಲ್‌ಗಳ ಬೀಜಕ: ಹೊಸ ಜಾತಿಯೇ?

ನಿಮ್ಮ ವಿವರಣೆ ನೋಡಿದರೆ ಇದು ಕುಡೋವಾ (ಮೀನುಗಳಲ್ಲಿ ಬೆಳೆಯುವ, ಮಿಕ್ಸೋಸ್ಪೋರಿಯಾ ಗುಂಪಿನ ಸೂಕ್ಷ್ಮ ಪರಜೀವಿ) ಕುಲದ್ದೇ ಇರಬೇಕು. ಆದರೆ ಬೀಜಕದಲ್ಲಿ ಆರು ಪೋಲಾರ್ ಕ್ಯಾಪ್ಸೂಲ್‌ಗಳಿವೆ (ಒಳಗೆ ಸುರುಳಿ ಎಳೆಯಿರುವ ಪುಟ್ಟ ಚೀಲಗಳು) ಎಂದಷ್ಟಕ್ಕೇ ಹೊಸ ಜಾತಿ ಎನ್ನಲಾಗದು. ಒಂದೇ ಜಾತಿಯಲ್ಲೂ ಆ ಸಂಖ್ಯೆ ಏರುಪೇರಾಗುತ್ತದೆ.

ಫಾರ್ಮಲಿನ್‌ನಲ್ಲಿಟ್ಟ ಮಾದರಿಯ ಅಳತೆಗಳನ್ನು ನಂಬಬೇಡಿ. ಬೀಜಕ ಕುಗ್ಗಿರುತ್ತದೆ, ಡಿಎನ್ಎ ತುಂಡಾಗಿರುತ್ತದೆ. ತಾಜಾ ಮೀನು ಸಿಕ್ಕರೆ ಒಂದೇ ಗಂಟನ್ನು ಸೀಳಿ, ಅರ್ಧ ಅಳತೆಗೆ, ಉಳಿದರ್ಧ 95% ಎಥನಾಲ್‌ಗೆ. ಬೇರೆ ಬೇರೆ ಗಂಟುಗಳಿಂದ ತೆಗೆದರೆ, ಒಂದೇ ಮೀನಿನಲ್ಲಿ ಎರಡು ಜಾತಿಗಳಿದ್ದಾಗ ಒಂದರ ರೂಪಕ್ಕೆ ಇನ್ನೊಂದರ ಡಿಎನ್ಎ ಅಂಟಿಕೊಳ್ಳುತ್ತದೆ. ಆಮೇಲೆ ಬಿಡಿಸುವುದು ಕಷ್ಟ.

ಸ್ಲೈಡ್ ಮೇಲೆ 1% ಅಗಾರ್‌ನ ತೆಳುಪದರ ಹಾಕಿದರೆ ಬೀಜಕಗಳು ಅಲುಗಾಡುವುದಿಲ್ಲ. 1000 ಪಟ್ಟು ಹಿಗ್ಗಿಸಿ, ಕನಿಷ್ಠ 30 ಬೀಜಕಗಳನ್ನು ಮೇಲಿನಿಂದಲೂ ಪಕ್ಕದಿಂದಲೂ ಅಳೆಯಿರಿ: ಅಗಲ, ದಪ್ಪ, ಉದ್ದ, ಕ್ಯಾಪ್ಸೂಲ್‌ಗಳ ಗಾತ್ರ.

18ಎಸ್ ಜೊತೆಗೆ 28ಎಸ್ (ಎರಡೂ ರೈಬೋಸೋಮ್‌ನ ಆರ್‌ಎನ್‌ಎ ಜೀನ್‌ಗಳು) ಡಿಎನ್ಎ ಅನುಕ್ರಮವನ್ನೂ ಓದಿಸಿ. ಹತ್ತಿರದ ಜಾತಿಗಳಲ್ಲಿ 18ಎಸ್ ವ್ಯತ್ಯಾಸ ತೀರಾ ಕಡಿಮೆ. ಸಾಮಾನ್ಯ ಪ್ರೈಮರ್ (ಬೇಕಾದ ಡಿಎನ್ಎ ಭಾಗವನ್ನು ನಕಲಿಸಲು ಬಳಸುವ ಪುಟ್ಟ ತುಣುಕು) ಬಳಸಿದರೆ ಮೀನಿನದೇ ಅನುಕ್ರಮ ಬರಬಹುದು, ಹಾಗಾಗಿ ಮಿಕ್ಸೋಸ್ಪೋರಿಯಾಗಳಿಗೆಂದೇ ಇರುವ ಪ್ರೈಮರ್ ಆರಿಸಿ. ಇಷ್ಟು ಪ್ರತಿಶತ ಬೇರೆಯಾದರೆ ಹೊಸದು ಎಂಬ ಗೆರೆ ಇಲ್ಲ. ರೂಪ, ಆತಿಥೇಯ ಮೀನು, ಸೋಂಕಿನ ಜಾಗ, ಅನುಕ್ರಮ ಎಲ್ಲ ಒಟ್ಟಿಗೆ ತೂಗಬೇಕು.

ಪ್ರಕಟಿಸುವ ಮೊದಲು ಟೈಪ್ ಸ್ಲೈಡ್‌ಗಳನ್ನು (ಹೊಸ ಜಾತಿಯ ಹೆಸರಿಗೆ ಆಧಾರವಾದ ಮೂಲ ಮಾದರಿಗಳು) ಸಂಗ್ರಹಾಲಯಕ್ಕೆ ಕೊಡಿ. ಪತ್ರಿಕೆ ಆನ್‌ಲೈನ್‌ನಲ್ಲಿ ಮಾತ್ರ ಬರುವುದಾದರೆ ಝೂಬ್ಯಾಂಕ್ (ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಅಧಿಕೃತ ದಾಖಲೆ) ನೋಂದಣಿ ಕಡ್ಡಾಯ.