ಚಾರ್ಜ್ ಕೊಟ್ಟು ಮನೆಗೆ ಹೊರಟ ಸಿಸ್ಟರ್

"ಮೇಡಂ, ಟೀಚಿಂಗ್ ಬಿಟ್ಟು ನರ್ಸಿಂಗ್‌ಗೆ ಹೋಗೋಣ ಅಂತಿದೀನಿ. ಅಲ್ಲಿ ಟೈಮ್ ನಮ್ಮ ಕೈಲಿರುತ್ತಂತೆ."

ನಾನು ಕೌನ್ಸೆಲರ್. ಹಾಸನದ ನನ್ನ ಕೋಣೆಯಲ್ಲಿ ಕೂತು ಈ ಮಾತು ಹೇಳಿದ ಟೀಚರ್‌ಗಳಲ್ಲಿ ಇವರು ಮೂರನೆಯವರು. ಮೊದಲಿಬ್ಬರಿಗೆ ನಾನು ಕೋರ್ಸ್ ಎಷ್ಟು ವರ್ಷ, ಯಾರು ಸೇರಬಹುದು ಅಂತ ಮಾಹಿತಿ ಕೊಟ್ಟು ಕಳಿಸಿದ್ದೆ. ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನು ಅವರಿಗೆ ಕೇಳಲೇ ಇಲ್ಲ ಅಂತ ಈಗ ಅನಿಸುತ್ತಿದೆ. ಅದು ಮನಸ್ಸಿಗೆ ಕೊರೆಯುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇವರನ್ನು ಶೈಲಜಾ ಅಂತ ಕರೆಯೋಣ. ಹೆಸರು, ಕೆಲವು ವಿವರ ಬದಲಿಸಿದ್ದೇನೆ, ಅವರನ್ನು ಕೇಳಿಯೇ ಬರೆದಿದ್ದೇನೆ. ವಯಸ್ಸು 33. ಬಿ.ಎಸ್ಸಿ., ಬಿ.ಎಡ್. ಮಾಡಿ ಒಂದು ಖಾಸಗಿ ಹೈಸ್ಕೂಲಿನಲ್ಲಿ ಒಂಬತ್ತು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿದ್ದಾರೆ. ಯಜಮಾನರಿಗೆ ಕಾಫಿ ಕ್ಯೂರಿಂಗ್‌ನಲ್ಲಿ, ಅಂದರೆ ಕಾಫಿ ಬೀಜ ಹದ ಮಾಡುವ ಕಡೆ, ಕೆಲಸ. ಜನವರಿ ಬಂತೆಂದರೆ ಮನೆಗೆ ಬರುವಾಗ ರಾತ್ರಿಯಾಗುತ್ತದೆ. ಎರಡನೇ ಕ್ಲಾಸಿನ ಮಗಳು. ಹೋದ ವರ್ಷ ಮಾವನಿಗೆ ಲಕ್ವ ಹೊಡೆದು ಎಡಗಡೆ ಕೈಕಾಲು ಬಿದ್ದುಹೋಗಿದೆ. ಅತ್ತೆ ಇಲ್ಲ. ಚನ್ನರಾಯಪಟ್ಟಣದಲ್ಲಿ ಮೈದುನನ ಅಂಗಡಿ ಇದೆ. ಇಷ್ಟು ಸಾಕು.

ಅವರ ಚಿಕ್ಕಪ್ಪನ ಮಗಳು ಅಮೆರಿಕಾದಲ್ಲಿ ನರ್ಸ್. ವಾರಕ್ಕೆ ಮೂರು ದಿನ ಡ್ಯೂಟಿ, ನಾಲ್ಕು ದಿನ ರಜ ಅಂತ ಫೋನಿನಲ್ಲಿ ಹೇಳಿದ್ದಳಂತೆ. ಅದು ಸುಳ್ಳಲ್ಲ. ಅಲ್ಲಿನ ಎಷ್ಟೋ ಆಸ್ಪತ್ರೆಗಳಲ್ಲಿ 12 ಗಂಟೆಯ ಮೂರು ಶಿಫ್ಟ್ ಮಾಡಿದರೆ, ಅಂದರೆ 36 ಗಂಟೆ, ಅದನ್ನೇ ಪೂರ್ತಿ ವಾರದ ಕೆಲಸ ಅಂತ ಲೆಕ್ಕ ಹಾಕುತ್ತಾರೆ. ಆದರೆ ಶೈಲಜಾ ಕೆಲಸ ಹುಡುಕಬೇಕಾದ್ದು ಹಾಸನದಲ್ಲಿ. ಇಲ್ಲಿ ಸಾಮಾನ್ಯವಾಗಿ ವಾರಕ್ಕೊಂದು ಆಫ್. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ, ಆಮೇಲೆ ನೈಟ್. ಯಾವ ವಾರ ಯಾವುದು ಅಂತ ಬರೆಯುವುದು ಇನ್‌ಚಾರ್ಜ್ ಸಿಸ್ಟರ್, ನೀವಲ್ಲ.

ಮೊದಲ ಎರಡು ಭೇಟಿ ಇದರಲ್ಲೇ ಕಳೆಯಿತು. ಮೂರನೆಯದು ಒಂದು ಶನಿವಾರ ಮಧ್ಯಾಹ್ನ. ಸ್ಕೂಲು ಬಿಟ್ಟು ನೇರ ಬಂದಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಎಫ್‌ಎ-4 ಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟು. ಬಲಗೈ ತೋರುಬೆರಳಿಗೆ ಕೆಂಪು ಇಂಕು. ಕೂತವರೇ, "ಮೇಡಂ, ಮಾತಾಡ್ತಾ ಮಾತಾಡ್ತಾ ಎರಡು ಪೇಪರ್ ನೋಡ್ಲಾ? ಸೋಮವಾರ ಮಾರ್ಕ್ಸ್ ಎಂಟ್ರಿ ಇದೆ" ಅಂದರು. ನೋಡಿ ಅಂದೆ. ತೊಡೆ ಮೇಲೆ ಕಟ್ಟು ಇಟ್ಟುಕೊಂಡು ಟಿಕ್ ಹಾಕುತ್ತಾ ಹೋದರು. ನಡುವೆ ಮೊಬೈಲ್ ಎರಡು ಸಲ ಸದ್ದು ಮಾಡಿತು. ಎರಡೂ ಸಲ ಕ್ಲಾಸಿನ ವಾಟ್ಸಾಪ್ ಗ್ರೂಪು. ಹೋಮ್‌ವರ್ಕ್ ಏನು ಅಂತ ಯಾರೋ ತಾಯಿ ಕೇಳಿದ್ದರು.

ಆಗ ಕೇಳಿದೆ: "ಟೈಮ್ ವಿಷಯ ಬಿಡಿ. ನರ್ಸ್ ಕೆಲಸದಲ್ಲಿ ನಿಮಗೆ ಇಷ್ಟ ಆಗಿದ್ದು ಏನು? ರಕ್ತ, ಗಾಯ, ಬೆಡ್‌ಪ್ಯಾನ್, ಎದುರಿಗೇ ಪ್ರಾಣ ಹೋಗೋದು, ಇಷ್ಟೂ ಇರುತ್ತೆ. ಇದರಲ್ಲಿ ಯಾವುದು ನಿಮ್ಮನ್ನ ಎಳೀತಿದೆ?"

ಪೆನ್ನು ನಿಂತಿತು. ಸ್ವಲ್ಪ ಹೊತ್ತು ಮಾತಿಲ್ಲ.

"ಮಾವ ಆಸ್ಪತ್ರೆಲಿದ್ದಾಗ ಹನ್ನೊಂದು ದಿನ ನಾನೇ ಇದ್ದೆ ಮೇಡಂ. ಮಧ್ಯಾಹ್ನ ಎರಡಕ್ಕೆ ಇನ್ನೊಬ್ಬರು ಸಿಸ್ಟರ್ ಬರೋರು. ಇಬ್ಬರೂ ಒಂದೊಂದೇ ಬೆಡ್ ಹತ್ರ ನಿಂತು, ಇವರಿಗೆ ಇಷ್ಟು ಡ್ರಿಪ್ ಹೋಗಿದೆ, ಇವರದ್ದು ಬಿಪಿ ನೋಡಬೇಕು, ಇವರು ಊಟ ಮಾಡಿಲ್ಲ ಅಂತ ಹೇಳಿ ಚಾರ್ಜ್ ಕೊಡೋರು. ಕೊಟ್ಟಾದ ಮೇಲೆ ಆ ಸಿಸ್ಟರ್ ಕೈ ತೊಳ್ಕೊಂಡು, ಚಪ್ಪಲಿ ಹಾಕ್ಕೊಂಡು ಹೊರಟುಬಿಡೋರು. ತಿರುಗಿ ಕೂಡ ನೋಡ್ತಿರಲಿಲ್ಲ. ಪೇಷೆಂಟ್ ಚಾರ್ಟ್ ಯಾರೂ ಮನೆಗೆ ಹೊತ್ಕೊಂಡು ಹೋಗಲ್ಲ ಅಲ್ವಾ ಮೇಡಂ?"

ಅಷ್ಟು ಹೇಳಿ ತೊಡೆ ಮೇಲಿನ ಕಟ್ಟನ್ನು ನೋಡಿ ಅತ್ತುಬಿಟ್ಟರು.

ನನಗೆ ಆಗ ಗೊತ್ತಾಯಿತು. ಇವರಿಗೆ ಬೇಕಾಗಿದ್ದು ಬೇರೆ ಟೈಮ್ ಅಲ್ಲ. ಇವರ ಕೈಯಿಂದ ಚಾರ್ಜ್ ತೆಗೆದುಕೊಳ್ಳುವ ಒಬ್ಬರು ಬೇಕಾಗಿತ್ತು. ಸ್ಕೂಲಿನಲ್ಲಿ ಆ ಒಬ್ಬರು ಇಲ್ಲ, ಮನೆಯಲ್ಲಂತೂ ಇಲ್ಲವೇ ಇಲ್ಲ. ಬೆಳಗ್ಗೆ ನಾಲ್ಕೂವರೆಗೆ ಏಳುತ್ತಾರೆ. ಮಾವನಿಗೆ ಮೈ ಒರೆಸಿ, ತಿಂಡಿ ತಿನ್ನಿಸಿ, ಮಗಳಿಗೆ ಜಡೆ ಹಾಕಿ ಓಡುತ್ತಾರೆ. ಸಂಜೆ ಬಂದರೆ ಮತ್ತೆ ಅದೇ. ಎರಡೂ ಕಡೆ ಇವರ ಡ್ಯೂಟಿ ಮುಗಿಯುವುದೇ ಇಲ್ಲ.

ಹಾಗಂತ ಸುಮ್ನೆ ನನ್ನ ಊಹೆ ಹೇಳಿ ಕಳಿಸಲಿಲ್ಲ. ಪರಿಚಯದ ಹಿರಿಯ ನರ್ಸ್ ಒಬ್ಬರ ಜೊತೆ ಮಾತಾಡಿಸಿದೆ. ಅವರು ಮುಚ್ಚುಮರೆ ಇಲ್ಲದೆ ಹೇಳಿದರು: "ಚಾರ್ಜ್ ಕೊಡೋದು ನಿಜ ಕಣಮ್ಮ. ಆದ್ರೆ ಬರಬೇಕಾದೋರು ಬರದಿದ್ರೆ ನಾನು ವಾರ್ಡ್ ಬಿಟ್ಟು ಹೋಗೋ ಹಾಗಿಲ್ಲ. ದೀಪಾವಳಿಗೆ ಹಾಸನಾಂಬೆ ಬಾಗಿಲು ತೆಗೆದಾಗ ಊರೆಲ್ಲಾ ಕ್ಯೂನಲ್ಲಿ ನಿಂತಿರುತ್ತೆ, ನಾನು ನೈಟ್‌ನಲ್ಲಿರ್ತೀನಿ. ನಿನ್ನ ಮಾವನ್ನ ಆ ರಾತ್ರಿ ಯಾರು ನೋಡ್ಕೋತಾರೆ?" ಶೈಲಜಾ ಹತ್ತಿರ ಉತ್ತರ ಇರಲಿಲ್ಲ.

ನಾನು ಕೊಟ್ಟ ಸಲಹೆ ಇದು. ಈ ವರ್ಷ ಕೋರ್ಸ್ ಸೇರಬೇಡಿ. ಮೊದಲು ಮನೆಯಲ್ಲಿ ಚಾರ್ಜ್ ಕೊಡುವುದನ್ನು ಶುರು ಮಾಡಿ. ಮಾವನ ಮಂಚದ ಪಕ್ಕ ಒಂದು ನೋಟ್‌ಬುಕ್ ಇಡಿ. ಮಾತ್ರೆ, ಊಟ, ಮಗ್ಗುಲು ಬದಲಿಸಿದ್ದು, ಎಲ್ಲಾ ಅದರಲ್ಲಿ ಬರೆಯಿರಿ. ರಾತ್ರಿ ಒಂಬತ್ತರ ಮೇಲೆ ಅಪ್ಪನನ್ನು ನೋಡಿಕೊಳ್ಳುವುದು ಯಜಮಾನರ ಪಾಲು. ಶನಿವಾರ ರಾತ್ರಿಯಿಂದ ಭಾನುವಾರ ಸಂಜೆವರೆಗೆ ಮೈದುನನ ಪಾಲು. ಸ್ಕೂಲಿನಲ್ಲಿ ಮುಂದಿನ ವರ್ಷಕ್ಕೆ ಕ್ಲಾಸ್ ಟೀಚರ್ ಜವಾಬ್ದಾರಿ ಬೇಡ ಅಂತ ಈಗಲೇ ಕೇಳಿ. ಸಂಜೆ ಏಳರ ಮೇಲೆ ವಾಟ್ಸಾಪ್ ಗ್ರೂಪ್ ನೋಡಬೇಡಿ. ಇಷ್ಟಾದ ಮೇಲೂ ನರ್ಸ್ ಆಗಬೇಕು ಅನಿಸಿದರೆ ಖಂಡಿತಾ ಆಗಿ, ನಾನೇ ಅರ್ಜಿ ತುಂಬಿಸಿಕೊಡುತ್ತೇನೆ ಅಂದೆ.

ಕೌನ್ಸೆಲರ್ ಹೀಗೆ ನೇರವಾಗಿ ಸಲಹೆ ಕೊಡಬಾರದು, ಕೇಳಿಸಿಕೊಳ್ಳಬೇಕು ಅಷ್ಟೆ ಅನ್ನುವ ಗೆಳೆಯರು ನನಗಿದ್ದಾರೆ. ಹೆಚ್ಚಿನ ಸಲ ನಾನೂ ಹಾಗೇ ನಡೆದುಕೊಳ್ಳುತ್ತೇನೆ. ಇಲ್ಲಿ ಸುಮ್ಮನಿರಲು ಆಗಲಿಲ್ಲ. ನರ್ಸಿಂಗ್ ಡಿಪ್ಲೊಮಾ, ಅದೇ ಜಿಎನ್‌ಎಂ, ಅಂದರೆ ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್ ಅಂದರೆ ನಾಲ್ಕು. ಸಂಬಳ ಇಲ್ಲ, ಫೀಸು ಬೇರೆ. ಓದುವಾಗಲೇ ಆಸ್ಪತ್ರೆ ಪೋಸ್ಟಿಂಗ್ ಇರುತ್ತದೆ. ಮುಗಿದ ಮೇಲೆ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಬೇಕು. ಆಮೇಲೆ ಎಲ್ಲರಿಗಿಂತ ಕಿರಿಯ ನರ್ಸ್ ಆಗಿ ಕೆಲಸಕ್ಕೆ ನಿಲ್ಲಬೇಕು. ಕೇಳಿದ ಪಾಳಿ ಕಿರಿಯರಿಗೆ ಎಲ್ಲಿ ಸಿಗುತ್ತೆ? ಮಾವನಿಗೆ ಅತಿ ಹೆಚ್ಚು ಆರೈಕೆ ಬೇಕಾದ ವರ್ಷಗಳಲ್ಲೇ ಇವರು ಮನೆಯಲ್ಲಿ ಇರುತ್ತಿರಲಿಲ್ಲ.

ಆದರೆ ಕಾಯಿರಿ ಅನ್ನುವುದಕ್ಕೂ ಹೆದರಿಕೆ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಈ ಕೋರ್ಸ್‌ಗಳಿಗೆ ಸೇರಲು 35 ವರ್ಷದ ಮಿತಿ ಇದೆ. ನಾನು ಕಾಯಿರಿ ಅಂದು, ಅಷ್ಟರಲ್ಲಿ ಬಾಗಿಲು ಮುಚ್ಚಿದರೆ? ಅದಕ್ಕೇ ಅವರ ಹುಟ್ಟಿದ ತಾರೀಕು ಕೇಳಿ ಬರೆದುಕೊಂಡು ಲೆಕ್ಕ ಹಾಕಿದೆ. ಒಂದು ವರ್ಷ ಕಾದರೂ ವಯಸ್ಸು ಉಳಿದಿರುತ್ತದೆ ಅಂತ ಖಾತ್ರಿಯಾದ ಮೇಲೇ ಬಾಯಿಬಿಟ್ಟೆ.

ಇನ್ನೊಂದು ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಖಾಸಗಿ ಶಾಲೆಯಲ್ಲಿ ಐದು ವರ್ಷ ಪೂರೈಸಿದ ಟೀಚರ್‌ಗೂ ಕೆಲಸ ಬಿಡುವಾಗ ಗ್ರಾಚ್ಯುಟಿ, ಅಂದರೆ ಸೇವೆಯ ವರ್ಷಗಳ ಲೆಕ್ಕದಲ್ಲಿ ಒಟ್ಟಿಗೆ ಕೊಡುವ ದುಡ್ಡು, ಸಿಗಬೇಕು. ಗ್ರಾಚ್ಯುಟಿ ಕಾನೂನಿನ 2009ರ ತಿದ್ದುಪಡಿ ಶಿಕ್ಷಕರನ್ನೂ ಇದರಲ್ಲಿ ಸೇರಿಸಿತು, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ, ತಿಂಗಳಿಗೆ 26 ದಿನ ಅಂತ ಹಿಡಿಯುತ್ತಾರೆ. ಮೂಲ ವೇತನ, ತುಟ್ಟಿಭತ್ಯೆ (ಡಿಎ) ಸೇರಿ ತಿಂಗಳಿಗೆ 18,000 ಇದ್ದರೆ ಒಂಬತ್ತು ವರ್ಷಕ್ಕೆ ಸುಮಾರು 93,000 ರೂಪಾಯಿ. ಕೆಲಸ ಬಿಡಬೇಕು ಅಂತ ಯೋಚಿಸುತ್ತಿರುವ ಟೀಚರ್‌ಗಳು ದಯವಿಟ್ಟು ಇದನ್ನು ಕೇಳಿ ಪಡೆಯಿರಿ. ಸುಸ್ತಾಗಿ, ಬೇಜಾರಾಗಿ ರಾಜೀನಾಮೆ ಬರೆದವರು ಈ ದುಡ್ಡನ್ನು ಹಾಗೇ ಬಿಟ್ಟು ಬರುತ್ತಾರೆ. ನನಗೆ ಹೊಟ್ಟೆ ಉರಿಯುತ್ತದೆ.

ನೋಟ್‌ಬುಕ್ ಸುಲಭವಾಗಿ ಶುರುವಾಗಲಿಲ್ಲ. ಯಜಮಾನರು ಮೊದಲ ವಾರ ಏನೂ ಬರೆಯಲಿಲ್ಲ. ಮೈದುನ ಎರಡು ವಾರ ಅಂಗಡಿ ನೆಪ ಹೇಳಿದರು. ಮೂರನೇ ವಾರ ಶೈಲಜಾ ಶನಿವಾರ ರಾತ್ರಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿಬಿಟ್ಟರು. ಹೋಗುವ ಮೊದಲು ಮೈದುನನಿಗೆ ಫೋನ್ ಮಾಡಿ, "ಏಳು ಗಂಟೆ ಬಸ್ಸಿಗೆ ಹೋಗ್ತಿದೀನಿ, ಅಷ್ಟರಲ್ಲಿ ಬನ್ನಿ" ಅಂದರಂತೆ. ಅವರು ಬಂದರು.

ಶಾಲೆ ತೆರೆದ ಮೇಲೆ ಒಂದು ದಿನ ಶೈಲಜಾ ಬಂದಿದ್ದರು. ಅದೇ ಸ್ಕೂಲು, ಈ ವರ್ಷ ಕ್ಲಾಸ್ ಟೀಚರ್ ಅಲ್ಲ. ನರ್ಸಿಂಗ್ ಆಸೆ ಪೂರ್ತಿ ಹೋಗಿಲ್ಲ, ಮುಂದಿನ ವರ್ಷ ನೋಡೋಣ ಅಂದರು. ಬ್ಯಾಗಿನಿಂದ ನೋಟ್‌ಬುಕ್ ತೆಗೆದು ತೋರಿಸಿದರು. ಮೈದುನನ ಕೈಬರಹ ಓರೆಕೋರೆ: "ಅಪ್ಪ ರಾತ್ರಿ 2 ಸಲ ಎದ್ದರು. ಮಗ್ಗುಲು ಬದಲಿಸಿದೆ. ಬೆಳಗ್ಗೆ ಗಂಜಿ ಪೂರ್ತಿ ಕುಡಿದರು. ಅತ್ತಿಗೆ, ಬಿಪಿ ಮಾತ್ರೆ ಇನ್ನು 4 ಇದೆ." ಅದರ ಕೆಳಗೆ ಕೆಂಪು ಇಂಕಿನಲ್ಲಿ ಒಂದು ಟಿಕ್, ತಾರೀಕು ಸಮೇತ ಶೈಲಜಾ ಅವರ ಸಹಿ.