ಹಳೇ ಬಲ್ಬ್ ಕರೆಂಟು ತಿನ್ನುವುದು ಯಾರ ಸಂಚೂ ಅಲ್ಲ

ಪ್ರಶ್ನೆ: ತಂತಿ ಉರಿಯುವ ಹಳೇ ಬಲ್ಬಿನಲ್ಲಿ ಶೇ 95ರಷ್ಟು ಕರೆಂಟು ಬಿಸಿಯಾಗಿ ಹೋಗುತ್ತದಂತೆ. ವಿಜ್ಞಾನ ಇಷ್ಟು ಮುಂದುವರಿದರೂ ಒಳ್ಳೆಯ ತಂತಿ ಹಾಕಿ ಇದನ್ನು ಸರಿಪಡಿಸಲು ಆಗಲಿಲ್ಲವೇ? ಕಂಪನಿಗಳು ಬೇಕಂತಲೇ ಬಿಟ್ಟಿವೆಯೇ?

ಈ ಪ್ರಶ್ನೆ ಪದೇ ಪದೇ ಬರುತ್ತಿದೆ, ಜೊತೆಗೆ ‘ಸಂಚು’ ಎಂಬ ಮಾತೂ. ಅದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಈ ಬಲ್ಬನ್ನು ಸುಧಾರಿಸಲು ಎಷ್ಟೋ ಜಾಣರು ಜೀವ ತೇದಿದ್ದಾರೆ. ಅವರನ್ನು ತಡೆದದ್ದು ಭೌತಶಾಸ್ತ್ರ.

ಈ ಬಲ್ಬಿನಲ್ಲಿ ಬೆಳಕು ಹುಟ್ಟುವುದೇ ಬಿಸಿಯಿಂದ. ಕಾದ ವಸ್ತು ನಮಗೆ ಬೇಕಾದ ಕಿರಣವನ್ನಷ್ಟೇ ಬಿಡುವುದಿಲ್ಲ. ಕಾಣುವುದು, ಕಾಣದ್ದು ಎಲ್ಲವನ್ನೂ ಬಿಡುತ್ತದೆ. ಯಾವುದು ಎಷ್ಟು ಎಂದು ಮುಖ್ಯವಾಗಿ ತೀರ್ಮಾನಿಸುವುದು ಅದರ ಉಷ್ಣತೆ. ಈ ಲೆಕ್ಕವನ್ನು 1900ರಲ್ಲೇ ಜರ್ಮನಿಯ ಭೌತವಿಜ್ಞಾನಿ ಮ್ಯಾಕ್ಸ್ ಪ್ಲಾಂಕ್ ಬರೆದುಕೊಟ್ಟರು. ಸಾಮಾನ್ಯ ಬಲ್ಬಿನ ತಂತಿ ಸುಮಾರು 2500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉರಿಯುತ್ತದೆ. ಅಷ್ಟು ಬಿಸಿಯಲ್ಲಿ ಕಿರಣದ ಜೋರು ಇರುವುದು 1000 ನ್ಯಾನೋಮೀಟರ್ ತರಂಗಾಂತರದ (ಕಿರಣದ ಅಲೆಯ ಉದ್ದ) ಆಸುಪಾಸಿನಲ್ಲಿ. ನಮ್ಮ ಕಣ್ಣಿಗೆ 700ರಿಂದ ಆಚೆ ಹೆಚ್ಚುಕಡಿಮೆ ಏನೂ ಕಾಣುವುದಿಲ್ಲ. ಹಾಗಾಗಿ ಬಹುಪಾಲು ಕಿರಣ ನಮಗೆ ಬರೀ ಬಿಸಿ. ಕೊನೆಗೆ ಸಿಗುವುದು ವ್ಯಾಟ್‌ಗೆ 12 ಲುಮೆನ್‌ನಷ್ಟು ಬೆಳಕು (ಲುಮೆನ್ ಅಂದರೆ ಕಣ್ಣಿಗೆ ಕಾಣುವ ಬೆಳಕಿನ ಅಳತೆ).

ಹಾಗಾದರೆ ಇನ್ನೂ ಕಾಯಿಸೋಣ ಅನ್ನುತ್ತೀರಿ, ಅಲ್ವಾ? ದಾರಿ ಸರಿಯಾಗಿದೆ, ಆದರೆ ತಂತಿ ತಡೆಯುವುದಿಲ್ಲ. ತಂತಿಯ ಲೋಹವಾದ ಟಂಗ್‌ಸ್ಟನ್ ಕರಗುವುದು 3422 ಡಿಗ್ರಿಯಲ್ಲಿ. ಇದಕ್ಕಿಂತ ಹೆಚ್ಚು ಬಿಸಿ ತಡೆಯುವ ಬೇರೆ ಲೋಹವೇ ಇಲ್ಲ. ಕರಗುವುದಕ್ಕೆ ಎಷ್ಟೋ ಮೊದಲೇ ಅದು ಆವಿಯಾಗಿ ಸವೆಯುತ್ತದೆ. ಹಳೇ ಬಲ್ಬಿನ ಗಾಜಿಗೆ ಒಳಗಿನಿಂದ ಹಿಡಿಯುವ ಕಪ್ಪು ಅದೇ. 1913ರ ಹೊತ್ತಿಗೆ ಅಮೆರಿಕದ ವಿಜ್ಞಾನಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಬಲ್ಬಿನೊಳಗೆ ಅನಿಲ ತುಂಬಿ ಈ ಸವೆತ ತಗ್ಗಿಸಿದರು. ಆದರೆ ಅನಿಲ ತಂತಿಯ ಬಿಸಿಯನ್ನೂ ಎಳೆದುಕೊಳ್ಳುತ್ತದೆ. ಅದಕ್ಕೆ ತಂತಿಯನ್ನು ಸುರುಳಿ ಸುತ್ತಿದರು. ಆಮೇಲೆ ಬಂದ ಹ್ಯಾಲೋಜನ್ ಬಲ್ಬಿನಲ್ಲಿ ಅಯೋಡಿನ್ ಅಥವಾ ಬ್ರೋಮಿನ್ ಆವಿಯಾದ ಟಂಗ್‌ಸ್ಟನ್ನನ್ನು ಗಾಜಿನ ಮೇಲೆ ಕೂರಲು ಬಿಡದೆ ತಂತಿಯ ಕಡೆಗೇ ತಿರುಗಿಸುತ್ತದೆ. ಇಷ್ಟೆಲ್ಲ ಮಾಡಿಯೂ ಸಿಕ್ಕಿದ್ದು ವ್ಯಾಟ್‌ಗೆ 20 ಲುಮೆನ್ ಹತ್ತಿರ.

ಎಂದೂ ಕರಗದ, ಸವೆಯದ ತಂತಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಅದನ್ನು ಸೂರ್ಯನ ಮೇಲ್ಮೈಯಷ್ಟು, ಅಂದರೆ ಸುಮಾರು 5500 ಡಿಗ್ರಿಗೆ ಕಾಯಿಸಿದರೂ ವ್ಯಾಟ್‌ಗೆ ಬರುವುದು 90 ಲುಮೆನ್ ಚಿಲ್ಲರೆ. ಇನ್ನೊಂದು ಸಾವಿರ ಡಿಗ್ರಿ ದಾಟಿದರೆ ಮತ್ತೆ ಇಳಿಕೆ, ಏಕೆಂದರೆ ಆಗ ಕಿರಣ ಅತಿನೇರಳೆ ಕಡೆಗೆ ಸೋರುತ್ತದೆ. ಬಿಸಿಯಿಂದ ಮಾಡುವ ಬೆಳಕಿಗೆ ಇರುವ ಎತ್ತರವೇ ಅಷ್ಟು. ಇಂದಿನ ಒಳ್ಳೆಯ ಎಲ್‌ಇಡಿ ಬಲ್ಬ್ ಅದನ್ನು ಆಗಲೇ ದಾಟಿದೆ, ಅದೂ ಏನನ್ನೂ ಕೆಂಪಗೆ ಕಾಯಿಸದೆ.

ಒಂದೇ ಒಂದು ಕಿಂಡಿ ಉಳಿದಿದೆ, ನನಗೆ ಅದು ತುಂಬಾ ಇಷ್ಟ. ತಂತಿ ಬಿಡುವ ಬಿಸಿ ಕಿರಣವನ್ನು ಕನ್ನಡಿಯಂಥ ಪದರದಿಂದ ತಂತಿಗೇ ಮರಳಿಸಿ, ಬೆಳಕನ್ನು ಮಾತ್ರ ಹೊರಗೆ ಬಿಡಬಹುದು. ಪ್ಲಾಂಕ್ ಲೆಕ್ಕ ಇದಕ್ಕೆ ಅಡ್ಡ ಬರುವುದಿಲ್ಲ. 2016ರಲ್ಲಿ ಅಮೆರಿಕದ ಎಂಐಟಿ ಸಂಶೋಧಕರು ಇದನ್ನು ಮಾಡಿ ತೋರಿಸಿದರು. ಕಣ್ಣಿನ ಸೂಕ್ಷ್ಮತೆಯನ್ನೂ ಸೇರಿಸಿ ಅಳೆದರೆ ಸಾಮಾನ್ಯ ಬಲ್ಬಿನ ದಕ್ಷತೆ ಶೇ 2–3 ಬರುತ್ತದೆ, ಅವರದ್ದಕ್ಕೆ ಶೇ 6.6 ಬಂತು. ಲೆಕ್ಕದ ಪ್ರಕಾರ ಶೇ 40ರವರೆಗೂ ಹೋಗಬಹುದು. ಆದರೆ ಇದು ಪ್ರಯೋಗಾಲಯದ ಮಾತು. ಇದನ್ನು ನಂಬಿಕೊಂಡು ಮನೆಯ ಹಳೇ ಬಲ್ಬ್ ಉಳಿಸಿಕೊಳ್ಳಬೇಡಿ.

ಇನ್ನು ಸಂಚಿನ ಮಾತು. 1920ರ ದಶಕದಲ್ಲಿ ಬಲ್ಬ್ ಕಂಪನಿಗಳು ಫೀಬಸ್ ಎಂಬ ಕೂಟ ಕಟ್ಟಿಕೊಂಡು ಬಲ್ಬಿನ ಬಾಳಿಕೆಯನ್ನು 1000 ಗಂಟೆಗೆ ಕಟ್ಟಿಹಾಕಿದ್ದು ನಿಜ. ಅದು ತಪ್ಪೇ. ಆದರೆ ಅವರು ಕೈಯಿಟ್ಟಿದ್ದು ಬಾಳಿಕೆಗೆ. ಬಾಳಿಕೆ ಹೆಚ್ಚಬೇಕೆಂದರೆ ತಂತಿ ತಣ್ಣಗಿರಬೇಕು, ತಣ್ಣಗಾದರೆ ಬೆಳಕು ಕುಗ್ಗುತ್ತದೆ. ವೋಲ್ಟೇಜ್ ಶೇ 5 ಇಳಿಸಿ ನೋಡಿ, ಬಾಳಿಕೆ ಹತ್ತಿರಹತ್ತಿರ ಎರಡು ಪಟ್ಟಾಗುತ್ತದೆ, ಬೆಳಕಿನಲ್ಲಿ ಆರರಲ್ಲೊಂದು ಪಾಲು ಹೋಗುತ್ತದೆ.

ಪ್ರಶ್ನೆ: 1901ರಿಂದ ಉರಿಯುತ್ತಿರುವ ಬಲ್ಬ್ ಇದೆಯಲ್ಲ?

ಇದೆ, ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಅಗ್ನಿಶಾಮಕ ಠಾಣೆಯಲ್ಲಿ. ಅದು ತೀರಾ ಮಂಕಾಗಿ ಉರಿಯುತ್ತದೆ, ಅದರ ಬೆಳಕಿನಲ್ಲಿ ನೀವು ಓದಲಾರಿರಿ.

ಪ್ರಶ್ನೆ: ಡಿಮ್ಮರ್ ಹಾಕಿ ಬೆಳಕು ಅರ್ಧ ಮಾಡಿದರೆ ಬಿಲ್ಲೂ ಅರ್ಧವೇ?

ಇಲ್ಲ. ಬಿಲ್ಲಿನಲ್ಲಿ ಉಳಿತಾಯವಾಗುವುದು ಕಾಲು ಭಾಗ ಅಥವಾ ಸ್ವಲ್ಪ ಜಾಸ್ತಿ, ಅಷ್ಟೇ. ಮಂಕಾದ ಬಲ್ಬ್ ಮೊದಲಿಗಿಂತ ದಂಡ.

ಪ್ರಶ್ನೆ: ಪ್ಲಗ್‌ಗೆ ಸಿಕ್ಕಿಸುವ ‘ಕರೆಂಟು ಉಳಿಸುವ’ ಪೆಟ್ಟಿಗೆ ಈ ಬಲ್ಬುಗಳಿಗೆ ಉಪಯೋಗವೇ?

ಸುಮ್ನೆ ದುಡ್ಡು ಕಳೆದುಕೊಳ್ಳಬೇಡಿ. ಬಿಚ್ಚಿ ನೋಡಿದರೆ ಒಳಗೆ ಇರುವುದು ಹೆಚ್ಚೆಂದರೆ ಒಂದು ಕೆಪಾಸಿಟರ್. ಅದು ಪವರ್ ಫ್ಯಾಕ್ಟರ್ (ಎಳೆದುಕೊಂಡ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, ಪೂರ್ತಿ ಬಂದರೆ 1) ತಿದ್ದಬಲ್ಲದು, ಆದರೆ ತಂತಿ ಬಲ್ಬಿನ ಪವರ್ ಫ್ಯಾಕ್ಟರ್ ಮೊದಲೇ 1. ಅಲ್ಲಿ ತಿದ್ದಲು ಏನೂ ಇಲ್ಲ. ಇಂಥದ್ದನ್ನು ಮಾರುವವರು ಜನರಿಗೆ ಮೋಸ ಮಾಡುತ್ತಿದ್ದಾರೆ.

ಪ್ರಶ್ನೆ: 60 ವ್ಯಾಟ್ ಎಂದು ಬರೆದಿರುವ ಲ್ಯಾಂಪಿಗೆ 100ರ ಬಲ್ಬ್ ಹಾಕಬಹುದೇ?

ಬೇಡ. ಆ 100 ವ್ಯಾಟ್ ಬಹುಪಾಲು ಬಿಸಿಯೇ ಎಂದು ಮೇಲೆ ಓದಿದಿರಲ್ಲ. ಹೋಲ್ಡರ್ ಸುಡುತ್ತದೆ, ಒಳಗಿನ ವೈರಿನ ಹೊದಿಕೆ ಪುಡಿಯಾಗುತ್ತದೆ. ಬಲ್ಬಿಗೆ ಬಣ್ಣದ ಕಾಗದ, ಬಟ್ಟೆ ಸುತ್ತುವುದಂತೂ ಒಂದು ರಾತ್ರಿಯ ಮಟ್ಟಿಗೂ ಬೇಡ.